ಅಕ್ಷರ ಜೋಡಿ ಕಾರ್ಡುಗಳು: ಡಬ್ಲ್ಯು-ಆರ್ ಮುಗಿಯಿತು, ಟಿ-ಡಬ್ಲ್ಯು ಶುರು

ಶಿಡ್ಲಘಟ್ಟದಲ್ಲಿ ನಾನು ಬಿಡುವಿದ್ದಾಗ ಮಾಡಿಕೊಂಡು ಬಂದಿರುವ ಇಂಗ್ಲಿಷ್ ಪದಗಳ ಕೆಲಸ ಎಲ್ಲಿಗೆ ಬಂತು ಅಂತ ಬರೆದಿಡುತ್ತಿದ್ದೇನೆ. ಕೆಲಸ ಇಷ್ಟೇ. ಶುರುವಿನ ಎರಡು ಅಕ್ಷರ ಒಂದೇ ಆಗಿರುವ ಪದಗಳನ್ನೆಲ್ಲ ಒಂದು ಕಟ್ಟು ಮಾಡುವುದು, ಪ್ರತಿ ಪದದ ಕೆಳಗೆ ಕನ್ನಡದಲ್ಲಿ ಅರ್ಥ ಬರೆಯುವುದು. ಕಾರ್ಡಿಗೆ ಹಳೇ ಲಗ್ನಪತ್ರಿಕೆಯ ಖಾಲಿ ಬದಿ ಸಾಕು. ದಪ್ಪ ಇರುತ್ತದೆ, ಸ್ಕೆಚ್ ಪೆನ್ನಿನ ಇಂಕು ಆ ಕಡೆಗೆ ಇಳಿಯುವುದಿಲ್ಲ.

ಇದು ಅಣ್ಣನ ಮಗಳಿಗೋಸ್ಕರ ಶುರುವಾದದ್ದು. ಹತ್ತನೇ ಕ್ಲಾಸು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಉರ್ದು, ಸ್ಕೂಲಿನಲ್ಲಿ ಕನ್ನಡ, ಮೂರೂ ಸಲೀಸು. ಇಂಗ್ಲಿಷ್ ಪದಗಳು ಮಾತ್ರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಎ ಇಂದ ಜ಼ೆಡ್‌ವರೆಗೆ ಉರು ಹೊಡೆಸುವುದರಲ್ಲಿ ನನಗೆ ನಂಬಿಕೆ ಇಲ್ಲ. ಪದಕ್ಕೂ ಪದಕ್ಕೂ ಸಂಬಂಧವೇ ಇಲ್ಲದಿದ್ದರೆ ಯಾವುದನ್ನು ಹಿಡಿದುಕೊಂಡು ನೆನಪಿಟ್ಟುಕೊಳ್ಳುವುದು? ಮೊದಲ ಎರಡು ಅಕ್ಷರ ಒಂದೇ ಆದರೆ ಎಷ್ಟೋ ಸಲ ಅರ್ಥದಲ್ಲೂ ನಂಟು ಇರುತ್ತದೆ.

ಸಂಕ್ರಾಂತಿ ಹೊತ್ತಿಗೆ ಮುಗಿದದ್ದು ಎಸ್-ಎನ್. ಮಕ್ಕಳಿಗೆ ಇದರಷ್ಟು ಇಷ್ಟವಾದ ಕಟ್ಟು ಇನ್ನೊಂದಿಲ್ಲ, ಯಾಕೆಂದರೆ ಎಲ್ಲ ಮೂಗಿನ ಸುತ್ತಲೇ. ಸ್ನಿಫ್ ಅಂದರೆ ಮೂಸು. ಸ್ನೋರ್ ಗೊರಕೆ, ಸ್ನಾಟ್ ಸಿಂಬಳ, ಸ್ನೌಟ್ ಹಂದಿ-ನಾಯಿಯ ಮೂತಿ. ಸ್ನಫ್ ಅಂದರೆ ನಮ್ಮ ಅಜ್ಜ ಏರಿಸುತ್ತಿದ್ದ ನಶ್ಯ. ಸ್ನಿಯರ್ ಅಂದರೆ ಅಸಡ್ಡೆ ತೋರಿಸುವುದು, ಅದಕ್ಕೆ ನಾವೂ ‘ಮೂಗು ಮುರಿಯುವುದು’ ಅಂತಲೇ ಹೇಳುತ್ತೇವೆ. ಸೀನುವುದಕ್ಕೆ ಸ್ನೀಜ಼್. ಇದು ಮೊದಲು ಎಫ್-ಎನ್ ಇಂದ ಶುರುವಾಗುತ್ತಿದ್ದ ಪದ. ಆಮೇಲೆ ಎಸ್-ಎನ್ ಗುಂಪಿಗೆ ಬಂದು ಸೇರಿಕೊಂಡಿತು. ಸ್ನೇಕ್, ಸ್ನೋ, ಸ್ನೇಲ್‌ಗೆ ಮೂಗಿನ ಹಂಗಿಲ್ಲ. ಅಂಥವು ಕೆಂಪು ಅಂಚಿನ ಕಾರ್ಡಿಗೆ ಹೋಗುತ್ತವೆ. ಪ್ರತಿ ಕಟ್ಟಿನಲ್ಲೂ ಕೆಂಪು ಕಾರ್ಡು ಇರಲೇಬೇಕು ಅನ್ನುವುದು ನನ್ನ ಹಟ. ಇಲ್ಲದಿದ್ದರೆ ಮಕ್ಕಳು ಇದನ್ನೇ ವ್ಯಾಕರಣದ ನಿಯಮ ಅಂದುಕೊಂಡು ಪರೀಕ್ಷೆಯಲ್ಲಿ ಊಹೆ ಮಾಡಿ ಬರೆದುಬಿಡುತ್ತಾರೆ.

ಶಿವರಾತ್ರಿ ಆಸುಪಾಸಿನಲ್ಲಿ ಕೆ-ಎನ್. ನೀ, ನಕಲ್, ನಾಟ್, ನಾಬ್, ನೋಲ್. ಮೊಣಕಾಲು, ಬೆರಳ ಗೆಣ್ಣು, ಗಂಟು, ಬಾಗಿಲ ಗುಬುಟು, ಸಣ್ಣ ದಿಬ್ಬ. ಎಲ್ಲವೂ ಉಬ್ಬಿದ ವಸ್ತುಗಳೇ. ಚಾಕುವಿನ ನೈಫ್, ತಿಳಿಯುವ ನೋ ಕೆಂಪು ಕಾರ್ಡು. ಮೊದಲ ಕೆ ಯಾಕೆ ಮೂಕ ಅಂತ ಎಲ್ಲರೂ ಕೇಳುತ್ತಾರೆ. ಹಿಂದೆ ಅದನ್ನು ಉಚ್ಚರಿಸುತ್ತಿದ್ದರು. ಜರ್ಮನರು ಮೊಣಕಾಲಿಗೆ ಈಗಲೂ ‘ಕ್ನೀ’ ಅನ್ನುತ್ತಾರೆ.

ಯುಗಾದಿ ಆದ ಮೇಲೆ ಜಿ-ಎಲ್ ಹಿಡಿದೆ. ಇದು ಹೊಳಪಿನ ಕಟ್ಟು, ಇಲ್ಲೇ ಜಾಸ್ತಿ ದಿನ ಹಿಡಿಯಿತು. ಡಿಕ್ಷನರಿ ನೋಡಿದರೆ ಎಲ್ಲದಕ್ಕೂ ‘ಹೊಳೆ’ ಅಂತಲೇ ಅರ್ಥ ಕೊಟ್ಟಿರುತ್ತದೆ. ಅದು ಸುಮ್ನೆ ಕೈ ತೊಳೆದುಕೊಂಡ ಹಾಗೆ. ಅದಕ್ಕೇ ಮಕ್ಕಳನ್ನು ಪಕ್ಕದ ರೀಲರ್ ಮನೆಗೆ, ಅಂದರೆ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವವರ ಮನೆಗೆ, ಕರೆದುಕೊಂಡು ಹೋದೆ. ಒಲೆಯಲ್ಲಿ ಉರಿ ಇಳಿದು ಕೆಂಡ ಕೆಂಪಗೆ ನಿಂತಿತ್ತು, ಅದು ಗ್ಲೋ. ಬಿಸಿನೀರಿನಲ್ಲಿ ತೇಲುತ್ತಿದ್ದ ಗೂಡುಗಳ ಒದ್ದೆ ಹೊಳಪು ಗ್ಲಿಸನ್, ಬರೆಯುವಾಗ ನಡುವೆ ಒಂದು ಟಿ ಇದೆ, ಓದುವಾಗ ಇಲ್ಲ. ರಾಟೆ ತಿರುಗುವಾಗ ಕಡ್ಡಿಯ ತುದಿ ಒಂದೇ ಸಲ ಫಳ್ ಅಂದದ್ದು ಗ್ಲಿಂಟ್. ಸುತ್ತಿಟ್ಟ ರೇಷ್ಮೆಯ ಮೈಮೇಲಿನ ನುಣುಪು ಹೊಳಪು ಗ್ಲಾಸ್, ಇದಕ್ಕೆ ಕೊನೆಯಲ್ಲಿ ಎರಡು ಎಸ್, ನಡುವೆ ಓ. ಕುಡಿಯುವ ಲೋಟದ ಗ್ಲಾಸ್ ಬೇರೆ, ಅದಕ್ಕೆ ನಡುವೆ ಎ. ತಗಡಿನ ಮೇಲೆ ಬಿಸಿಲು ಬಿದ್ದು ಕಣ್ಣಿಗೆ ಚುಚ್ಚಿದರೆ ಗ್ಲೇರ್, ದೂರದ ದೀಪ ಮಿಣುಕಿದರೆ ಗ್ಲಿಮರ್.

ಗ್ಲಾಡ್ ಅನ್ನು ಎಲ್ಲಿ ಹಾಕಬೇಕು ಅಂತ ಸ್ವಲ್ಪ ಯೋಚನೆ ಆಯಿತು. ಈಗ ಅದಕ್ಕೆ ಖುಷಿ ಅಂತ ಅರ್ಥ. ಹಳೇ ಇಂಗ್ಲಿಷಿನಲ್ಲಿ ಬೆಳಗುವುದು, ಹೊಳೆಯುವುದು ಅನ್ನುವ ಅರ್ಥವೂ ಇತ್ತು. ಹಾಗಾಗಿ ಒಳಗೇ ಇಟ್ಟೆ. ಗ್ಲೂ, ಗ್ಲವ್ ಎರಡೂ ಹೊರಗೆ. ಅಂಟಿಗೂ ಕೈಗವಸಿಗೂ ಏನು ಹೊಳಪು?

ಈಗ ಮುಗಿದಿರುವುದು ಡಬ್ಲ್ಯು-ಆರ್. ನನ್ನ ಪ್ರಕಾರ ಅತಿ ಗಟ್ಟಿ ಕಟ್ಟು ಇದೇ. ಡಬ್ಲ್ಯು ಬಾಯಲ್ಲಿ ಬರುವುದಿಲ್ಲ, ಬರವಣಿಗೆಯಲ್ಲಿ ಮಾತ್ರ. ಅರ್ಥವೆಲ್ಲ ತಿರುಚುವುದರ ಕಡೆಗೇ. ಬೆಡ್‌ಶೀಟ್ ಒಗೆದು ಇಬ್ಬರು ಎರಡು ತುದಿ ಹಿಡಿದು ಹಿಂಡಿದರೆ ಮೂರು ಪದ ಅಲ್ಲೇ ಸಿಗುತ್ತವೆ. ತಿರುಗುವ ಮಣಿಕಟ್ಟು ರಿಸ್ಟ್, ಹಿಂಡುವುದು ರಿಂಗ್, ಬಟ್ಟೆ ಮೇಲೆ ಉಳಿಯುವ ಸುಕ್ಕು ರಿಂಕಲ್. ನಟ್ಟು ತಿರುಗಿಸುವ ರೆಂಚ್, ಕುಸ್ತಿಯ ರೆಸಲ್, ಹೂ ಹೆಣೆದು ಬಳೆಯಾಕಾರಕ್ಕೆ ತಂದ ರೀತ್, ಸೊಟ್ಟ ನಗೆಯ ರೈ, ಎಲ್ಲ ಒಂದೇ ಗುಂಪು. ತಪ್ಪು ಅನ್ನುವ ರಾಂಗ್ ಕೂಡ ಮೂಲದಲ್ಲಿ ‘ಸೊಟ್ಟ’ ಅಂತಲೇ. ರಿಗಲ್ ಅಂದರೆ ಮೈ ಹೊರಳಿಸಿ ಒದ್ದಾಡುವುದು. “ಚಿಕ್ಕಪ್ಪ, ರೇಷ್ಮೆ ಹುಳ ಹಾಕೋಣ ಚಿತ್ರಕ್ಕೆ” ಅಂದಳು. ಬೇಡ ಅಂದೆ. ಗೂಡು ಕಟ್ಟುವ ಹುಳ ಚಂದ್ರಿಕೆ ಅನ್ನುವ ಬಿದಿರಿನ ತಟ್ಟಿಯಲ್ಲಿ ಕೂತು ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತದೆ, ಒದ್ದಾಡುವುದಿಲ್ಲ. ಎರೆಹುಳ ಬರೆದೆವು.

ಈ ಗುಂಪನ್ನು ಮೊದಲೇ ಗುರುತಿಸಿದವರು ಇದ್ದಾರೆ. ಇನ್ಫಿನಿಟಿ ಗುರುತನ್ನು ಬಳಕೆಗೆ ತಂದ ಗಣಿತಜ್ಞ ಜಾನ್ ವಾಲಿಸ್ 1653ರಲ್ಲಿ ಲ್ಯಾಟಿನ್‌ನಲ್ಲಿ ಒಂದು ಇಂಗ್ಲಿಷ್ ವ್ಯಾಕರಣ ಬರೆದ. ಅದರಲ್ಲಿ ಡಬ್ಲ್ಯು-ಆರ್ ಅಂದರೆ ವಕ್ರ, ತಿರುಚು ಅಂತ ಪಟ್ಟಿ ಮಾಡಿದ್ದಾನೆ. ಇಂಥ ಅಕ್ಷರ ಜೋಡಿಗೆ ಫೋನೆಸ್ತೀಮ್ ಅಂತ ಹೆಸರಿಟ್ಟದ್ದು ಇಂಗ್ಲೆಂಡಿನ ಭಾಷಾಶಾಸ್ತ್ರಜ್ಞ ಜೆ.ಆರ್. ಫರ್ತ್, 1930ರಲ್ಲಿ. ಅದಕ್ಕೂ ಮುಂಚೆ ಅವರು ಲಾಹೋರಿನಲ್ಲಿ ಪಾಠ ಮಾಡುತ್ತಿದ್ದರು. ನಮ್ಮಲ್ಲೂ ತಿರುಗು, ತಿರುಚು, ತಿರುವು, ತಿರುಪು ಇವೆ ಅಲ್ವಾ? ಆ ಕಟ್ಟಿನ ಮೇಲಿನ ಕಾರ್ಡಿಗೆ ಇವನ್ನೇ ಬರೆದಿದ್ದೇನೆ. ಬರೆಯುವ ರೈಟ್ ಮಾತ್ರ ಕೆಂಪು ಕಾರ್ಡು. ಅದರ ಹಳೇ ಅರ್ಥ ಗೀರುವುದು.

ಈ ವಾರ ಟಿ-ಡಬ್ಲ್ಯು. ನಮ್ಮೂರಲ್ಲಿ ಟ್ವಿಸ್ಟಿಂಗ್ ಮಿಷಿನ್ ಅಂದರೆ ಯಾರಿಗೂ ವಿವರಿಸಬೇಕಿಲ್ಲ, ಎಳೆ ಸೇರಿಸಿ ಹುರಿ ಹಾಕುವುದು. ಆ ಟ್ವಿಸ್ಟ್‌ನಲ್ಲಿ ಅಡಗಿರುವುದು ‘ಎರಡು’. ಟೂ ಅನ್ನುವಾಗ ಕೇಳಿಸದ ಡಬ್ಲ್ಯು ಟ್ವಿನ್, ಟ್ವೈಸ್, ಟ್ವೆಂಟಿಯಲ್ಲಿ ಚೆನ್ನಾಗಿ ಕೇಳಿಸುತ್ತದೆ. ಟ್ವೈನ್ ಅಂದರೆ ಎಳೆ ಸೇರಿಸಿ ಹೊಸೆದ ದಾರ. ಟ್ವೆಲ್ವ್ ಅಂದರೆ ಹತ್ತು ಕಳೆದು ಎರಡು ಉಳಿದದ್ದು. ಬಿಟ್ವೀನ್‌ನಲ್ಲಿ ಜೋಡಿ ನಡುವೆ ಕೂತಿದೆ, ಆದರೂ ಸೇರಿಸಿದೆ. ಹುಬ್ಬು ಕೀಳುವ ಟ್ವೀಜ಼ರ್‌ಗೆ ಎರಡು ಕಾಲಿದ್ದರೂ ಈ ಗುಂಪಿನದಲ್ಲ. ಅದು ಫ್ರೆಂಚಿನಲ್ಲಿ ಸಣ್ಣ ಸಲಕರಣೆ ಡಬ್ಬಿಗಿದ್ದ ಹೆಸರಿನಿಂದ ಬಂದದ್ದು. ಟ್ವೀಟ್ ಹಕ್ಕಿಯ ಚಿಲಿಪಿಲಿ. ಎರಡೂ ಕೆಂಪು ಕಾರ್ಡು.

ಮುಂದೆ ಎಸ್-ಟಿ ಇದೆ. ಸ್ಟ್ಯಾಂಡ್, ಸ್ಟೋನ್, ಸ್ಟಿಫ್, ಎಲ್ಲ ಗಟ್ಟಿಯಾಗಿ ನಿಲ್ಲುವಂಥವು. ಪಟ್ಟಿ ತುಂಬ ಉದ್ದ, ಪೂರ್ತಿ ಮಾಡುವ ಆಸೆ ಇಲ್ಲ. ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ಬಂದಿರುವುದನ್ನಷ್ಟೇ ತೆಗೆದುಕೊಳ್ಳುತ್ತೇನೆ.