ಪೆನ್ಸಿಲ್ ಸದ್ದು

ಮಂಗಳವಾರ, ಸಂಜೆ ನಾಲ್ಕು ಗಂಟೆ. ಎದುರಿಗೆ ಹತ್ತು ವರ್ಷದ ಹುಡುಗ, ಕೈಯಲ್ಲಿ ಪೆನ್ಸಿಲ್. ಟಕ್ ಟಕ್ ಟಟಕ್. ಟಕ್ ಟಕ್ ಟಟಕ್. ಮೇಜಿನ ಮೇಲೆ ಬಡಿಯುತ್ತಲೇ ಭಿನ್ನರಾಶಿ ಲೆಕ್ಕ ಬಿಡಿಸುತ್ತಿದ್ದಾನೆ. ಸರಿಯಾಗಿಯೇ ಬಿಡಿಸುತ್ತಿದ್ದಾನೆ. ತಲೆ ಕೆಡುತ್ತಿರುವುದು ನನಗೆ.

ನನಗೆ ಸದ್ದು ಆಗುವುದಿಲ್ಲ. ನಾನು ಪಾಠ ಮಾಡುವ ಕೋಣೆಯಲ್ಲಿ ಗೋಡೆ ಗಡಿಯಾರ ಇಲ್ಲ, ನಾನೇ ತೆಗೆಸಿದ್ದೇನೆ. ಟ್ಯೂಬ್‌ಲೈಟ್ ಗುಂಯ್ ಅನ್ನುವುದು ಬೇರೆಯವರಿಗೆ ಕೇಳಿಸುವುದೇ ಇಲ್ಲ ಅಂತ ಗೊತ್ತಾದಾಗ ನನಗೆ ಮೂವತ್ತು ದಾಟಿತ್ತು. ಮೂವತ್ತಾರಕ್ಕೆ ಡಾಕ್ಟರು ಆಟಿಸಂ (ಸದ್ದು, ಬೆಳಕು, ಜನರ ಒಡನಾಟವನ್ನೆಲ್ಲ ಮಿದುಳು ಬೇರೆ ಥರ ಗ್ರಹಿಸುವುದು), ಎಡಿಎಚ್‌ಡಿ (ಗಮನ ಒಂದು ಕಡೆ ನಿಲ್ಲದಿರುವುದು, ಚಡಪಡಿಕೆ) ಎರಡೂ ಇವೆ ಅಂತ ಬರೆದುಕೊಟ್ಟರು. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ ಪ್ರಕಾರ 2013ರವರೆಗೆ ಒಬ್ಬರಿಗೇ ಎರಡನ್ನೂ ಬರೆಯುವ ಹಾಗಿರಲಿಲ್ಲ. ಅಂದರೆ ನಾನು ಶಾಲೆಗೆ ಹೋಗುತ್ತಿದ್ದಾಗ, ಆ ಪುಸ್ತಕದ ಲೆಕ್ಕದಲ್ಲಿ, ನನ್ನಂಥವಳು ಇರುವುದೇ ಸಾಧ್ಯವಿರಲಿಲ್ಲ! ಟೀಚರುಗಳ ಲೆಕ್ಕದಲ್ಲಿ ಇದ್ದೆ. "ಬುದ್ಧಿ ಇದೆ, ಸೋಮಾರಿ" ಅನ್ನುವ ಖಾತೆಯಲ್ಲಿ.

ಹಾಗಾಗಿ ನನ್ನಂಥದೇ ಮಕ್ಕಳಿಗೆ ಪಾಠ ಹೇಳುವ ಕೆಲಸ ಶುರು ಮಾಡಿದಾಗ ನನಗೊಂದು ಜಂಬ ಇತ್ತು. ಇವರನ್ನು ನಾನು ಬಲ್ಲೆ ಅಂತ. ಅಪ್ಪ ಅಮ್ಮಂದಿರೂ ಹಾಗೇ ಹೇಳುತ್ತಾರೆ: "ನೀವೂ ಹೀಗೇ ಅಲ್ವಾ, ನಿಮಗೆ ತಾನಾಗೇ ಅರ್ಥ ಆಗುತ್ತೆ."

ಈ ಮಾತಿಗೆ ಸ್ವಲ್ಪ ಆಧಾರವೂ ಇದೆ. ಡೇಮಿಯನ್ ಮಿಲ್ಟನ್ ಅನ್ನುವ ಆಟಿಸ್ಟಿಕ್ ಸಂಶೋಧಕರು 2012ರಲ್ಲಿ ಒಂದು ವಾದ ಮುಂದಿಟ್ಟರು: ಆಟಿಸ್ಟಿಕ್ ಜನರಿಗೆ ಬೇರೆಯವರ ಮನಸ್ಸು ತಿಳಿಯಲ್ಲ ಅಂತೀರಲ್ಲ, ಬೇರೆಯವರಿಗೂ ಇವರ ಮನಸ್ಸು ತಿಳಿಯಲ್ಲ, ತೊಡಕು ಎರಡೂ ಕಡೆ ಇದೆ ಅಂತ. 2020ರಲ್ಲಿ ಕ್ಯಾಥರೀನ್ ಕ್ರಾಂಪ್ಟನ್ ತಂಡ ಒಂದು ಕತೆಯನ್ನು ಎಂಟೆಂಟು ಜನರ ಸಾಲಿನಲ್ಲಿ ಕಿವಿಯಿಂದ ಕಿವಿಗೆ ದಾಟಿಸಿ ನೋಡಿತು. ಆಟಿಸ್ಟಿಕ್ ಜನರೇ ಇದ್ದ ಸಾಲಿನಲ್ಲೂ ಕತೆ ಚೆನ್ನಾಗಿಯೇ ದಾಟಿತು, ಸೋರಿದ್ದು ಜಾಸ್ತಿ ಆಟಿಸ್ಟಿಕ್ ಜನ, ಅಲ್ಲದವರು ಇಬ್ಬರೂ ಇದ್ದ ಬೆರಕೆ ಸಾಲಿನಲ್ಲಿ. ಇದನ್ನು ಓದಿ ನಾನು ಕುಣಿದಾಡಿದ್ದೆ. ಆಮೇಲೆ ಜಾಸ್ತಿ ಜನರನ್ನು ಸೇರಿಸಿ ಮಾಡಿದ ಪ್ರಯೋಗ 2025ರಲ್ಲಿ ಬಂತು, ಅದರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಅಷ್ಟು ಹೊತ್ತಿಗೆ ನನ್ನ ಜಂಬವೂ ಇಳಿದಿತ್ತು ಬಿಡಿ.

ಇಳಿಸಿದ್ದು ಹದಿನೇಳು ವರ್ಷದ ಒಬ್ಬ ಹುಡುಗಿ. ಸಂದರ್ಶನಕ್ಕೆ ತಯಾರಿ ಮಾಡಿಸುತ್ತಿದ್ದೆ. ಕಣ್ಣಲ್ಲಿ ಕಣ್ಣಿಟ್ಟು ನೋಡೋಕೆ ಆಗದಿದ್ದರೆ ಎದುರಿಗಿರುವವರ ಎರಡು ಹುಬ್ಬಿನ ನಡುವೆ ನೋಡು, ಅವರಿಗೆ ಗೊತ್ತಾಗಲ್ಲ ಅಂತ ಹೇಳಿಕೊಟ್ಟೆ. ಇಪ್ಪತ್ತು ವರ್ಷ ನಾನು ಹೊಟ್ಟೆ ಹೊರೆದುಕೊಂಡ ಉಪಾಯ ಅದು. ಅವಳು ಎರಡು ಸಲ ಮಾಡಿ ನೋಡಿದಳು. ಆಮೇಲೆ ಅಂದಳು, "ಮಿಸ್, ಹುಬ್ಬು ನೋಡ್ತಾ ಕೂತ್ರೆ ಪ್ರಶ್ನೆ ಕೇಳ್ಸೋದೇ ಇಲ್ಲ. ನಿಮಗೆ ಕೇಳ್ಸುತ್ತಾ?"

ನನಗೂ ಕೇಳಿಸುತ್ತಿರಲಿಲ್ಲ. ಅರ್ಧ ಕೇಳಿ, ಉಳಿದರ್ಧ ಊಹೆ ಮಾಡಿ ಉತ್ತರ ಕೊಡುತ್ತಿದ್ದೆ. ಮನೆಗೆ ಬಂದು ಕತ್ತಲಲ್ಲಿ ಮಲಗುತ್ತಿದ್ದೆ. ಹೀಗೆ ಎಲ್ಲರಂತೆ ಇರುವ ಹಾಗೆ ನಟಿಸುವುದಕ್ಕೆ ಮಾಸ್ಕಿಂಗ್ ಅಂತ ಹೆಸರಿದೆ, ಮೈ ಹಣ್ಣಾಗುವ ಕೆಲಸ, ಮಾಡಬೇಡಿ ಅಂತ ಅಪ್ಪ ಅಮ್ಮಂದಿರಿಗೆ ಭಾಷಣ ಮಾಡುವವಳೂ ನಾನೇ! ಕೊನೆಗೆ ಅವಳು ಸಂದರ್ಶನದ ಶುರುವಿನಲ್ಲೇ ಹೇಳಿಬಿಟ್ಟಳಂತೆ: "ನಾನು ಮೇಜು ನೋಡ್ಕೊಂಡು ಮಾತಾಡ್ತೀನಿ, ಆಗ ಚೆನ್ನಾಗಿ ಕೇಳ್ಸುತ್ತೆ." ಕೆಲಸ ಸಿಗಲಿಲ್ಲ. ಆದರೆ ಆ ದಿನ ತಲೆನೋವೂ ಬರಲಿಲ್ಲ ಅಂದಳು.

ಮತ್ತೆ ಪೆನ್ಸಿಲ್‌ಗೆ ಬರೋಣ. ಬಡಿಯಬೇಡ ಅಂದುಬಿಟ್ಟರೆ ಮುಗಿಯಿತು, ಅವನು ಸುಮ್ನೆ ಕೂರುತ್ತಾನೆ. ಆದರೆ ಲೆಕ್ಕವೂ ನಿಲ್ಲುತ್ತದೆ. ಯಾಕೆ ಬಡಿಯುತ್ತೀಯಾ ಅಂತ ಕೇಳಿದ್ದಕ್ಕೆ "ಇಲ್ಲಾಂದ್ರೆ ಅಂಕಿ ಜಾರಿ ಹೋಗುತ್ತೆ" ಅಂದ. ನನ್ನ ಕಷ್ಟವನ್ನೂ ಹೇಳಿದೆ. ಕಿವಿಗೆ ಹತ್ತಿ ಇಟ್ಟುಕೊಂಡರೆ ಅವನ ಮಾತು ನನಗೆ ಕೇಳಿಸಲ್ಲ. ತೊಡೆ ಮೇಲೆ ಬಡಿದುಕೊಂಡರೆ ಅವನಿಗೆ ಟಕ್ ಅನ್ನುವುದು ಬರಲ್ಲ. ಇಬ್ಬರೂ ಸ್ವಲ್ಪ ಹೊತ್ತು ಯೋಚನೆ ಮಾಡುತ್ತಾ ಕೂತೆವು.

"ನಿಮಗೆ ಯಾವ ಸದ್ದು ಆಗುತ್ತೆ?" ಅಂತ ಅವನೇ ಕೇಳಿದ. ನನ್ನನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಆ ದಿನದ ಲೆಕ್ಕ ಅಲ್ಲಿಗೇ ಬಿಟ್ಟು ಕೋಣೆಯಲ್ಲಿ ಸಿಕ್ಕಿದ್ದನ್ನೆಲ್ಲ ಬಡಿದು ನೋಡಿದೆವು. ಸ್ಕೇಲು, ಡಸ್ಟರ್, ಪುಸ್ತಕದ ರಟ್ಟು, ಕಿಟಕಿಯ ಸರಳು. ಸರಳು ಬಡಿದಾಗ ನಾನು ಹೊರಗೆ ಓಡಿದೆ, ಅವನು ನಕ್ಕಿದ್ದೇ ನಕ್ಕಿದ್ದು. ಕೊನೆಗೆ ಒಂದು ಖಾಲಿ ರಟ್ಟಿನ ಡಬ್ಬಿ ಸಿಕ್ಕಿತು. ದಬ್ ದಬ್ ದದಬ್. ಅವನಿಗೂ ಸಾಕು, ನನಗೂ ನಡೆಯುತ್ತದೆ.

ಹೊರಡುವಾಗ ಬಾಗಿಲ ಹತ್ತಿರ ನಿಂತ. "ಮಿಸ್, ನೀವು ಕುರ್ಚಿ ಅಲ್ಲಾಡಿಸ್ತಾ ಇರ್ತೀರಲ್ಲ, ಅದು ಕಿರ್ ಅನ್ನುತ್ತೆ. ಮೊದಲ ದಿನದಿಂದ."

ಆ ರಾತ್ರಿಯೇ ಕುರ್ಚಿಗೆ ಎಣ್ಣೆ ಬಿಟ್ಟೆ. ಇನ್ನೂ ಸ್ವಲ್ಪ ಅನ್ನುತ್ತದಂತೆ.