ನಡುವಟ್ಟದ ಸಿಂಕೋನ ಮರದಡಿ

ತಾಳವಾಡಿಯಿಂದ ಬೆಳಗಿನ ಜಾವವೇ ಹೊರಟು, ಚಾಮರಾಜನಗರ, ಗುಂಡ್ಲುಪೇಟೆಗಳನ್ನು ದಾಟಿ, ಆರು ಗಂಟೆಗೆ ಗೇಟು ತೆರೆಯುವ ಹೊತ್ತಿಗೆ ನಾನೂ ಸೋದರಮಾವನೂ ಬಂಡೀಪುರದಲ್ಲಿದ್ದೆವು. ನಮ್ಮ ಗುರಿ ಊಟಿಯಲ್ಲ, ಗೂಡಲೂರಿನಿಂದ ಘಾಟಿ ಹತ್ತಿದಾಗ ಸಿಗುವ ನಡುವಟ್ಟ. ಚಳಿಜ್ವರಕ್ಕೆ ಕುಡಿಸಿದ್ದ ಕ್ವಿನೈನಿನ ಕಹಿಯನ್ನು ಅಜ್ಜಿ ಕೊನೆಯವರೆಗೂ ನೆನೆಯುತ್ತಿದ್ದರು. ಆ ಕಹಿ ಕೊಡುವ ಸಿಂಕೋನ ಮರವನ್ನು ಕಣ್ಣಾರೆ ನೋಡಬೇಕೆಂಬುದು ನನ್ನ ಹಳೆಯ ಆಸೆ.

ಚಹಾ ತೋಟದ ಅಂಚಿನಲ್ಲಿ ಪಾಚಿ ಹತ್ತಿದ ಕೆಲವು ಮರಗಳು ನಿಂತಿದ್ದವು. ಎದುರುಬದುರಾಗಿ ಜೋಡಿ ಎಲೆ. ಹಣ್ಣಾದ ಎಲೆಗಳು ಕೆಂಪಗೆ ತಿರುಗಿ ನೆಲಕ್ಕೆ ಬಿದ್ದಿದ್ದವು. ಕಾಫಿಯ ಕುಟುಂಬಕ್ಕೇ ಸೇರಿದ ಮರವೆಂದರೆ ಮಾವ ನಂಬಲಿಲ್ಲ. ಬುಡದಲ್ಲಿ ಉದುರಿದ್ದ ಚಕ್ಕೆಯೊಂದನ್ನು ಎತ್ತಿಕೊಂಡರು. ಮೇಲೆ ಬೂದು, ಒಳಗೆ ಇಟ್ಟಿಗೆಗೆಂಪು. ನಾಲಿಗೆಯ ತುದಿಗೆ ತಾಗಿಸಿದವರೇ ಮುಖ ಕಿವುಚಿ, "ಅವ್ವ ಸುಳ್ಳು ಹೇಳಿರಲಿಲ್ಲ ಕಣೋ" ಎಂದರು.

ಸಿಂಕೋನದ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ. ತೊಗಟೆಯಿಂದ ಕ್ವಿನೈನನ್ನು ಪ್ಯಾರಿಸ್ಸಿನಲ್ಲಿ 1820ರಲ್ಲಿ ಬೇರ್ಪಡಿಸಿದ ಮೇಲೆ ಬೇಡಿಕೆ ಏರಿತು. ತವರಿನಲ್ಲಿ ಮರವನ್ನೇ ಉರುಳಿಸಿ ಸುಲಿಯುತ್ತಿದ್ದರು. 1860ರಲ್ಲಿ ಬ್ರಿಟಿಷ್ ಅನ್ವೇಷಕ ಕ್ಲೆಮೆಂಟ್ಸ್ ಮಾರ್ಕಮ್ ನೇತೃತ್ವದಲ್ಲಿ ತಂದ ಸಸಿ, ಬೀಜಗಳು ನೀಲಗಿರಿಯಲ್ಲಿ ಬೇರೂರಿದವು. ತೋಟಗಳ ಹೊಣೆ ಹೊತ್ತಿದ್ದ ವಿಲಿಯಂ ಮ್ಯಾಕ್‌ಐವರ್ ಕಂಡುಕೊಂಡ ಉಪಾಯ ನನಗೆ ಎಲ್ಲಕ್ಕಿಂತ ಹಿಡಿಸಿತು: ತೊಗಟೆಯನ್ನು ಉದ್ದುದ್ದ ಪಟ್ಟಿಯಾಗಿ, ಒಂದು ಬಿಟ್ಟು ಒಂದರಂತೆ ಸುಲಿದು, ಗಾಯಕ್ಕೆ ಒದ್ದೆ ಪಾಚಿಯನ್ನು ಸುತ್ತಿ ಕಟ್ಟುವುದು. ಮರ ಸಾಯದು, ಹೊಸದಾಗಿ ಕಟ್ಟಿದ ತೊಗಟೆಯಲ್ಲಿ ಕ್ವಿನೈನಿನ ಅಂಶ ಹೆಚ್ಚೇ ಇರುತ್ತಿತ್ತು. ಈ ತೋಟಗಳಲ್ಲಿ ದುಡಿದವರಲ್ಲಿ ಚೀನೀ ಕೈದಿಗಳೂ ಇದ್ದರೆಂಬುದನ್ನು ಮಾತ್ರ ಮರೆಯುವಂತಿಲ್ಲ. ಅವರನ್ನು ಇರಿಸಿದ್ದ ಸೆರೆಮನೆ ನಡುವಟ್ಟದಲ್ಲೇ ಇದೆ.

ತೊಗಟೆಯಲ್ಲಿ ಕ್ವಿನೈನ್ ಒಂದೇ ಅಲ್ಲ, ಎದೆಬಡಿತದ ಏರುಪೇರಿಗೆ ಬಳಕೆಯಾದ ಕ್ವಿನಿಡಿನ್ ಸಹ ಇದೆ. ಪ್ರಮಾಣ ಮೀರಿದರೆ ಕಿವಿಯಲ್ಲಿ ಮೊರೆತ, ತಲೆಸುತ್ತು. ಆದ್ದರಿಂದ ಮನೆಯಲ್ಲಿ ಕಷಾಯ ಕಾಯಿಸಿ ಕುಡಿಯುವ ವಸ್ತುವಲ್ಲ. ಈಗ ತೀವ್ರ ಮಲೇರಿಯಾಕ್ಕೆ ಮೊದಲ ಆಯ್ಕೆ ಆರ್ಟಿಸುನೇಟ್ ಎಂಬ ಬೇರೆ ಔಷಧ. ಬೇಡಿಕೆ ಇಳಿದಂತೆ ಸಿಂಕೋನದ ನೆಲವೂ ಬಹುಪಾಲು ಚಹಾಕ್ಕೆ ಹೋಯಿತು.

ಇದನ್ನು ಉಳಿಸಬೇಕೇ ಎಂದು ಮಾವ ಕೇಳಿದರು. ಪೆರುವಿನ ರಾಷ್ಟ್ರಲಾಂಛನದಲ್ಲಿ ಈ ಮರದ ಚಿತ್ರವಿದೆ. ಅದರ ಕಾಡು ತಳಿಗಳನ್ನು ಕಾಯಬೇಕಾದದ್ದು ಆಂಡೀಸಿನ ಕಾಡುಗಳಲ್ಲೇ. ನೀಲಗಿರಿಯಲ್ಲಿ ತೋಟಗಳಿಗಾಗಿ ಕಣಿವೆಗಳ ನಿತ್ಯಹಸಿರು ಶೋಲಾ ಕಾಡನ್ನು ಕಡಿದದ್ದೇ ಸಾಕಷ್ಟಾಗಿದೆ. ಹೊಸದಾಗಿ ನೆಡುವುದು ಬೇಡ. ಉಳಿದಿರುವ ಮುದಿ ಮರಗಳಿಗೆ ಕೊಡಲಿ ಬೀಳದಿದ್ದರೆ, ಬುಡದಲ್ಲೊಂದು ಹೆಸರಿನ ಫಲಕವಿದ್ದರೆ ಸಾಕೆಂದೆ. ನಾವು ನೋಡಿದ ಯಾವ ಮರಕ್ಕೂ ಅದಿರಲಿಲ್ಲ.

ರಾತ್ರಿ ಒಂಬತ್ತರೊಳಗೆ ಬಂಡೀಪುರ ದಾಟಬೇಕಿತ್ತಾದ್ದರಿಂದ, ಊಟಿ ದಾರಿಯ ಪೈಕಾರ ನೋಡುವ ಆಸೆ ಬಿಟ್ಟು ಘಾಟಿ ಇಳಿದೆವು.