ಇಲ್ಲದ ಪುಸ್ತಕದ ಪುಟ ಎಣಿಸಿದ ಕಾರ್ಲ್ ಲಾಕ್ಮನ್

ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ರೋಮನ್ ಕವಿ ಲುಕ್ರೀಶಿಯಸ್‌ನ ಕಾವ್ಯದ ಎರಡು ಹಸ್ತಪ್ರತಿಗಳಿವೆ. ಎರಡೂ ಒಂಬತ್ತನೆಯ ಶತಮಾನದವು, ಚರ್ಮದ ಹಾಳೆಯವು. ಉದ್ದನೆಯದಕ್ಕೆ ಓಬ್ಲಾಂಗಸ್, ಚೌಕನೆಯದಕ್ಕೆ ಕ್ವಾಡ್ರಾಟಸ್ ಎಂದು ಹೆಸರು. ಕ್ವಾಡ್ರಾಟಸ್‌ನಲ್ಲಿ ಕಾವ್ಯದ ನಡುವೆ ನಾಲ್ಕು ಕಡೆ ಗ್ರಂಥಪಾತವಿದೆ, ಅಂದರೆ ಸಾಲುಗಳು ಬಿಟ್ಟುಹೋಗಿವೆ. ಬಿಟ್ಟುಹೋದ ಸಾಲುಗಳು ಕಳೆದಿಲ್ಲ, ಪ್ರತಿಯ ಕೊನೆಯಲ್ಲಿ ಕ್ರಮಗೆಟ್ಟು ಒಟ್ಟಿಗೆ ಬಿದ್ದಿವೆ. ಬರ್ಲಿನ್ನಿನ ಪ್ರಾಧ್ಯಾಪಕ ಕಾರ್ಲ್ ಲಾಕ್ಮನ್ 1850ರಲ್ಲಿ ಈ ಕಾವ್ಯವನ್ನು ಸಂಪಾದಿಸಿದಾಗ, ಇಂಥ ಸಾಲುಗಳನ್ನು ಎಣಿಸಿಯೇ, ಯಾರೂ ಕಂಡಿರದ ಇನ್ನೊಂದು ಪುಸ್ತಕದ ಪುಟದ ಅಳತೆ ಹೇಳಿದ.

ಲೆಕ್ಕ ಹೀಗಿದೆ. ಜಾಗ ತಪ್ಪಿದ ಭಾಗಗಳು: ಎರಡನೆಯ ಸಂಧಿಯ 757–806, ಐದನೆಯದರ 928–979, ಮೊದಲನೆಯದರ 734–785, ಮತ್ತೆ ಎರಡನೆಯದರ 253–304. ಮೂರರಲ್ಲಿ ತಲಾ 52 ಸಾಲು. ಒಂದರಲ್ಲಿ ಮಾತ್ರ 50. ಅಲ್ಲಿ ಎರಡು ಉಪಶೀರ್ಷಿಕೆಗಳನ್ನು ಸೇರಿಸಿದರೆ ಅದೂ 52. ಲಿಪಿಕಾರನ ಕಣ್ಣು ತಪ್ಪಿ ಸಾಲು ಬಿಟ್ಟರೆ ಒಮ್ಮೆ ಮೂರು, ಒಮ್ಮೆ ಹನ್ನೊಂದು ಬಿಟ್ಟಾನು. ನಾಲ್ಕು ಸಲವೂ 52 ಬಿಡುವುದಿಲ್ಲ. ಅಂದರೆ ಮಾತೃಕೆಯಿಂದ, ಎಂದರೆ ನಕಲಿಗೆ ಮೂಲವಾದ ಹಿಂದಿನ ಪ್ರತಿಯಿಂದ, ನಾಲ್ಕು ಹಾಳೆಗಳು ಕಳಚಿ, ಯಾರೋ ಅವನ್ನು ಕಟ್ಟಿನ ಕೊನೆಗೆ ಸೇರಿಸಿದ್ದರು. ಹಾಳೆಗೆ 52 ಅಂದರೆ ಪುಟಕ್ಕೆ 26 ಸಾಲು. ಓಬ್ಲಾಂಗಸ್‌ನಲ್ಲಿ ಇವೇ ಸಾಲುಗಳು ಸರಿಯಾದ ಜಾಗದಲ್ಲಿವೆ. ಆದ್ದರಿಂದ ಅದರ ವಂಶ ಹಾಳೆ ಕಳಚುವ ಮೊದಲೇ ಕವಲೊಡೆದಿತ್ತು. ಮೊದಲಿನಿಂದ ಶೀರ್ಷಿಕೆ ಸಮೇತ ಎಣಿಸುತ್ತ ಬಂದರೆ ಕಳಚಿದ್ದು 16, 29, 39 ಮತ್ತು 115ನೆಯ ಹಾಳೆಗಳು. ಇಡೀ ಪುಸ್ತಕಕ್ಕೆ 302 ಪುಟ.

ಇನ್ನೊಂದು ಸಾಕ್ಷಿ ನನಗೆ ಇದಕ್ಕಿಂತ ಇಷ್ಟ. ಮೊದಲ ಸಂಧಿಯ 1068–1075ರವರೆಗಿನ ಎಂಟು ಸಾಲುಗಳ ತುದಿ ಓಬ್ಲಾಂಗಸ್‌ನಲ್ಲಿಲ್ಲ. ಮುಂದೆ 1094–1101, ಮತ್ತೆ ಎಂಟು ಸಾಲು, ಇಡಿಯಾಗಿ ಕಾಣೆ. 1068ಕ್ಕೂ 1094ಕ್ಕೂ ಅಂತರ 26. ಹಾಳೆಯ ಹೊರ ಅಂಚು ಹರಿದರೆ ಒಂದು ಮಗ್ಗುಲಲ್ಲಿ ಸಾಲಿನ ಕೊನೆ ಹೋಗುತ್ತದೆ, ಮಗುಚಿದರೆ ಅದೇ ಎತ್ತರದಲ್ಲಿ ಸಾಲಿನ ಮೊದಲು ಹೋಗುತ್ತದೆ. ಮೊದಲೇ ಇಲ್ಲದ ಸಾಲುಗಳನ್ನು ಲಿಪಿಕಾರ ಇಡಿಯಾಗಿ ಬಿಟ್ಟಿರಬೇಕು.

ಲಾಕ್ಮನ್ ಹುಟ್ಟಿದ್ದು 1793ರ ಮಾರ್ಚ್ 4ರಂದು, ಬ್ರೌನ್‌ಶ್ವೈಗ್‌ನಲ್ಲಿ. ಓದಿದ್ದು ಲೈಪ್ಜಿಗ್ ಮತ್ತು ಗ್ಯೋಟಿಂಗೆನ್‌ಗಳಲ್ಲಿ. 1815ರಲ್ಲಿ ಸ್ವಯಂಸೇವಕನಾಗಿ ಪ್ರಶ್ಯದ ಸೈನ್ಯ ಸೇರಿ ಪ್ಯಾರಿಸ್‌ವರೆಗೂ ಹೋದ, ಯುದ್ಧ ಮಾತ್ರ ಕಾಣಲಿಲ್ಲ. 1816ರಲ್ಲಿ ಪ್ರೊಪರ್ಶಿಯಸ್ ಕವಿಯ ಸಂಪಾದನೆ ಹೊರಬಂತು. ಅದೇ ವರ್ಷ ಹಳೆಯ ಜರ್ಮನ್ ವೀರಕಾವ್ಯ ನಿಬೆಲುಂಗೆನ್ ಬಗೆಗಿನ ಪ್ರಬಂಧವೂ ಬಂತು. ಲ್ಯಾಟಿನ್, ಗ್ರೀಕ್ ಒಂದು ಕಡೆ, ಮಧ್ಯಯುಗದ ಜರ್ಮನ್ ಇನ್ನೊಂದು ಕಡೆ: ಕೊನೆಯವರೆಗೂ ಎರಡನ್ನೂ ಬಿಡಲಿಲ್ಲ. ಕ್ಯೋನಿಗ್ಸ್‌ಬರ್ಗ್‌ನಲ್ಲಿ ಪಾಠ ಹೇಳಿ 1825ರಲ್ಲಿ ಬರ್ಲಿನ್‌ಗೆ ಬಂದ. ಲುಕ್ರೀಶಿಯಸ್ ಅಚ್ಚಾದ ಮರುವರ್ಷವೇ, 1851ರ ಮಾರ್ಚ್ 13ರಂದು ತೀರಿಕೊಂಡ.

ಅವನ ಹೆಸರಿನಲ್ಲಿ ನಡೆಯುವ ಗ್ರಂಥಸಂಪಾದನೆಯ ಪದ್ಧತಿಯ ತಿರುಳು ಇಷ್ಟು. ಒಂದು ಜಾಗದಲ್ಲಿ ಪ್ರತಿ ಕೊಡುವ ಪದ ಅಥವಾ ಸಾಲಿಗೆ ಪಾಠ ಎನ್ನುತ್ತಾರೆ. ಎರಡು ಪ್ರತಿಗಳಲ್ಲಿ ಒಂದೇ ಸರಿಪಾಠ ಇದ್ದರೆ ಏನೂ ಸಾಬೀತಾಗುವುದಿಲ್ಲ, ಸರಿಯಾದದ್ದು ಯಾವ ಕಡೆಯಿಂದಲೂ ಬಂದಿರಬಹುದು. ಒಂದೇ ತಪ್ಪು ಎರಡರಲ್ಲೂ ಇದ್ದರೆ ನಂಟು ಸಿಕ್ಕಿತು. ಆದರೆ ಎಲ್ಲ ತಪ್ಪೂ ಲೆಕ್ಕಕ್ಕಿಲ್ಲ. ಕಾಗುಣಿತದ ತಪ್ಪು, ಒಂದೇ ಪದದಿಂದ ಮುಗಿಯುವ ಎರಡು ಸಾಲುಗಳ ನಡುವಿನದನ್ನು ಹಾರಿಸುವುದು, ಇವನ್ನು ಇಬ್ಬರು ಲಿಪಿಕಾರರು ಪರಸ್ಪರ ಸಂಬಂಧವಿಲ್ಲದೆಯೂ ಮಾಡುತ್ತಾರೆ. ಆಮೇಲೆ, ಒಂದು ಪ್ರತಿಯಲ್ಲಿ ಇನ್ನೊಂದರ ಎಲ್ಲ ತಪ್ಪುಗಳೂ ಇದ್ದು, ತನ್ನವೂ ಕೆಲವು ಸೇರಿದ್ದರೆ, ಅದು ಅದರ ನಕಲು, ಪಕ್ಕಕ್ಕಿಡಬೇಕು. ಐವತ್ತು ನಕಲಿದ್ದರೂ ಅವಕ್ಕೆ ಒಂದು ಮತವೂ ಇಲ್ಲ. ಉಳಿದ ಸ್ವತಂತ್ರ ಕವಲುಗಳು ಮೂರಿದ್ದು ಎರಡು ಒಪ್ಪಿದರೆ ಅದೇ ಮಾತೃಕೆಯ ಪಾಠ. ಅದು ಕವಿಯ ಪಾಠವೇ ಅಲ್ಲವೇ ಎಂಬುದು ಬೇರೆ ಪ್ರಶ್ನೆ, ತಿದ್ದುಪಡಿ ಶುರುವಾಗುವುದು ಅಲ್ಲಿಂದ.

ಲಾಕ್ಮನ್ ಎಡವಿದ್ದು ಈ ಮತಗಳ ಎಣಿಕೆಯಲ್ಲೇ. ಪೊಜ್ಜೊ ಬ್ರಾಚೊಲಿನಿ ಎಂಬ ಇಟಲಿಯ ವಿದ್ವಾಂಸ 1417ರಲ್ಲಿ ಲುಕ್ರೀಶಿಯಸ್‌ನ ಒಂದು ಪ್ರತಿಯನ್ನು ಪತ್ತೆಹಚ್ಚಿದ್ದ. ಇಟಲಿಯ ಹತ್ತಾರು ಪ್ರತಿಗಳು ಅದರಿಂದ ಇಳಿದವು. ಲಾಕ್ಮನ್ ಅದನ್ನು ಮೂರನೆಯ ಸ್ವತಂತ್ರ ಕವಲೆಂದು ಹಿಡಿದ. ಅದು ಓಬ್ಲಾಂಗಸ್‌ನಿಂದಲೇ ಇಳಿದದ್ದು ಎಂದು ಮುಂದಿನ ಸಂಶೋಧಕರು ತೋರಿಸಿದರು. ಆಗ ಓಬ್ಲಾಂಗಸ್ ಮತ್ತು ಇಟಲಿಯ ಪ್ರತಿಗಳು ಒಪ್ಪಿದರೆ ಎರಡು ಮತವಲ್ಲ, ಒಂದೇ. ಉಳಿಯುವುದು ಎರಡು ಕವಲು, ಒಂದಕ್ಕೊಂದು ಸಮ. ಬಹುಮತ ಎಂಬುದೇ ಇಲ್ಲ. ಸಂಪಾದಕ ತನ್ನ ಲ್ಯಾಟಿನ್ ಜ್ಞಾನವನ್ನೇ ನೆಚ್ಚಬೇಕು.

ಇನ್ನೂ ಒಂದು ಮಾತು. ಈ ಪ್ರತಿಗಳ ನಂಟನ್ನು ಲಾಕ್ಮನ್‌ಗಿಂತ ಮೊದಲೇ, 1847ರಲ್ಲಿ, ಯಾಕೋಬ್ ಬರ್ನೈಸ್ ಎಂಬ ತರುಣ ಬಿಡಿಸಿಟ್ಟಿದ್ದ. ಪ್ರತಿಗಳ ವಂಶವೃಕ್ಷವನ್ನು 1831ರಲ್ಲೇ ತ್ಸುಂಪ್ಟ್ ಎಂಬ ವಿದ್ವಾಂಸ ರೋಮನ್ ವಾಗ್ಮಿ ಸಿಸೆರೋನ ಭಾಷಣಗಳಿಗೆ ಬರೆದಿದ್ದ. ಲಾಕ್ಮನ್ ತನ್ನ ಲುಕ್ರೀಶಿಯಸ್‌ಗೆ ವೃಕ್ಷವನ್ನೇ ಬರೆಯಲಿಲ್ಲ! ‘ಲಾಕ್ಮನ್ ಪದ್ಧತಿ’ ಎಂದು ಒಬ್ಬನ ಹೆಸರಿಗೆ ಕಟ್ಟಿದ್ದು ಅನ್ಯಾಯವೇ. ಹಾಗೆಂದು 26 ಸಾಲಿನ ವಾದವನ್ನು ಅವನಷ್ಟು ಅಚ್ಚುಕಟ್ಟಾಗಿ ನಡೆಸಿದವರು ಕಡಿಮೆ.

ಲಾಕ್ಮನ್ ಮಾಡಿದ್ದರಲ್ಲಿ ಎದೆಗಾರಿಕೆ ಬೇಕಾದ ಕೆಲಸ 1831ರಲ್ಲಿ ಸಂಪಾದಿಸಿದ, ಬೈಬಲ್ಲಿನ ಗ್ರೀಕ್ ಹೊಸ ಒಡಂಬಡಿಕೆ. 1516ರಲ್ಲಿ ವಿದ್ವಾಂಸ ಎರಾಸ್ಮಸ್ ಕೈಗೆ ಸಿಕ್ಕ ಕೆಲವು ತಡವಾದ ಪ್ರತಿಗಳಿಂದ ಅಚ್ಚು ಮಾಡಿಸಿದ ಪಾಠವೇ ಹೆಚ್ಚುಕಡಿಮೆ ಮೂರು ಶತಮಾನ ವೇದವಾಕ್ಯವಾಗಿತ್ತು. ಲಾಕ್ಮನ್ ಅದನ್ನು ತಿದ್ದಲು ಹೋಗಲಿಲ್ಲ, ಬದಿಗಿಟ್ಟು ಹಳೆಯ ಪ್ರತಿಗಳಿಂದ ಹೊಸದಾಗಿ ಶುರುಮಾಡಿದ. ಮೂಲವನ್ನೇ ಕೊಡುತ್ತೇನೆ ಎನ್ನಲಿಲ್ಲ. ನಾಲ್ಕನೆಯ ಶತಮಾನದಲ್ಲಿ ಓದುತ್ತಿದ್ದ ಪಾಠ ಸಾಕು ಎಂದ. ದೇವತಾಶಾಸ್ತ್ರಜ್ಞರು ಸಿಟ್ಟಾದರು. ಅರ್ಥದ ಗೊಡವೆಗೆ ಹೋಗದೆ ಪ್ರತಿಗಳನ್ನು ತೂಗಬಹುದು, ತೂಗಲೇಬೇಕು ಎಂಬ ಅವನ ನಿಲುವು ಮುಂದೆ ಬಹಳ ಟೀಕೆಗೆ ಗುರಿಯಾಯಿತು. ನಾನೂ ಅದನ್ನು ಪೂರ್ತಿ ಒಪ್ಪಲಾರೆ: ಯಾವುದು ತಪ್ಪು ಎಂದು ಹೇಳಲು ಅರ್ಥ ತಿಳಿಯಲೇಬೇಕಲ್ಲ.

ಪದ್ಧತಿ ಕುಸಿಯುವುದು ಪಾಠಗಳು ಬೆರೆತಾಗ. ಲಿಪಿಕಾರ ಎರಡು ಪ್ರತಿ ಮುಂದಿಟ್ಟುಕೊಂಡು ಚೆನ್ನಾಗಿ ಕಂಡದ್ದನ್ನು ಆರಿಸಿ ಬರೆದರೆ ವಂಶವೃಕ್ಷದ ಕೊಂಬೆಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಪುಣೆಯ ಭಂಡಾರಕರ್ ಸಂಸ್ಥೆಯಲ್ಲಿ ಮಹಾಭಾರತದ ಸಂಪಾದನೆ ನಡೆಸಿದ ವಿ. ಎಸ್. ಸುಕ್ತಂಕರ್ ಬರ್ಲಿನ್ನಿನಲ್ಲೇ ತರಬೇತಾದವರು. ಈ ಬೆರಕೆಯಿಂದಾಗಿ ಶುದ್ಧ ವಂಶವೃಕ್ಷವನ್ನು ನೆಚ್ಚದೆ, ಸ್ವತಂತ್ರ ಪರಂಪರೆಗಳು ಒಪ್ಪುವ ಪಾಠವನ್ನು ಹಿಡಿದರು.

ಕನ್ನಡದ ಓಲೆಗರಿಗಳಿಗೆ 26ರ ಲೆಕ್ಕ ನೇರ ಹೊಂದುವುದಿಲ್ಲ. ಪದ್ಯಕ್ಕೊಂದು ಸಾಲೆಂದು ಬಿಡಿಸಿ ಬರೆಯದೆ, ಗರಿಯ ಉದ್ದಕ್ಕೂ ಒಂದೇ ಸಮನೆ ಕೊರೆಯುತ್ತಿದ್ದರು. ದಾರ ಬಿಚ್ಚಿ ಮತ್ತೆ ಪೋಣಿಸುವಾಗ ಗರಿಗಳು ಅದಲುಬದಲಾಗುವುದು ಮಾಮೂಲು. ಹಾಗಾಗಿ ಜಾಗ ತಪ್ಪಿದ ಭಾಗದ ಸಾಲುಗಳನ್ನಲ್ಲ, ಅಕ್ಷರಗಳನ್ನು ಎಣಿಸಬೇಕು. ಎರಡು ಮೂರು ಕಡೆ ಹೆಚ್ಚುಕಡಿಮೆ ಒಂದೇ ಸಂಖ್ಯೆ ಬಂದರೆ ಅದು ಮಾತೃಕೆಯ ಒಂದು ಗರಿ ಹಿಡಿಸುತ್ತಿದ್ದ ಅಳತೆ.